ಎಲ್ಲರಿಗೂ ಗೊತ್ತಿದ್ದ ಕಾಗದ

ಮೊನ್ನೆ ಹಾಸನದಲ್ಲಿ ಕಾಲೇಜು ಮಕ್ಕಳ ನಾಟಕ ಸ್ಪರ್ಧೆಯಿತ್ತು. ತೀರ್ಪು ಹೇಳಲು ನನ್ನನ್ನೂ ಕರೆದಿದ್ದರು. ಸೆಪ್ಟೆಂಬರ್ ಕೊನೆ. ಆಟೋ ಮಾರುಕಟ್ಟೆ ಯಾರ್ಡಿನ ಪಕ್ಕ ಹಾಯುವಾಗ ಲಾರಿಗೆ ಆಲೂಗೆಡ್ಡೆ ಮೂಟೆ ಏರಿಸುತ್ತಿದ್ದರು. ಹಸಿ ಮಣ್ಣು, ನೆನೆದ ಗೋಣಿಚೀಲ, ಒಳಗೆಲ್ಲೋ ಕೊಳೆತ ಒಂದೆರಡು ಗೆಡ್ಡೆ, ಇಷ್ಟೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ನನಗೀಗ ಮೂವತ್ತೆಂಟು. ಆ ಗಳಿಗೆಗೆ ಇಪ್ಪತ್ತೈದಾಗಿಬಿಟ್ಟೆ.

ಸ್ಪರ್ಧೆಯಲ್ಲಿ ಆರು ನಾಟಕ ನೋಡಿದೆ. ಆರಕ್ಕೂ ಒಂದೇ ಚಟ. ಗುಟ್ಟನ್ನು ಕೊನೆಯ ನಿಮಿಷದವರೆಗೆ ಬಚ್ಚಿಟ್ಟು, ಆಮೇಲೆ ಢಂ ಎಂದು ಬಿಚ್ಚುವುದು. ಮಕ್ಕಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವರ ವಯಸ್ಸಿನಲ್ಲಿ ನಾನೂ ಅದನ್ನೇ ಮಾಡಿದವಳು. ನನ್ನನ್ನು ತಿದ್ದಿದ್ದು ಒಬ್ಬ ಹಾರ್ಮೋನಿಯಂ ಮೇಷ್ಟ್ರು, ಮತ್ತು ಒಂದೂವರೆ ಎಕರೆಯಲ್ಲಿ ಆಲೂಗೆಡ್ಡೆ ಬೆಳೆಯುತ್ತಿದ್ದ ಒಬ್ಬ ಹೆಂಗಸು.

ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವಿನ ಒಂದು ಹಳ್ಳಿಯ ಹೈಸ್ಕೂಲಿಗೆ ನನ್ನನ್ನು ಕನ್ನಡ ಟೀಚರಾಗಿ ಹಾಕಿದರು. ಮೊದಲ ನೌಕರಿ. ಹಾಸನದ ದೇವಸ್ಥಾನದ ಬೀದಿಯಲ್ಲಿ ಬೆಳೆದವಳು, ಮೈಸೂರಿನಲ್ಲಿ ಎಂ.ಎ. ಮುಗಿಸಿದವಳು, ಜಂಬಕ್ಕೇನೂ ಕಡಿಮೆಯಿರಲಿಲ್ಲ. ಊರಿನಲ್ಲಿ ಬಾಡಿಗೆ ಮನೆ ಸಿಗದೆ ನಿಂಗಮ್ಮ ಎಂಬ ವಿಧವೆಯ ಮನೆಯ ಮುಂದಿನ ಕೋಣೆಯಲ್ಲಿ ಉಳಿದುಕೊಂಡೆ. ನಿಂಗಮ್ಮ ಎನ್ನುವುದು ನಾನಿಟ್ಟ ಹೆಸರು. ಇಲ್ಲಿ ಬರುವ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ, ಏಕೆಂದರೆ ಈ ಬರಹದ ಗುರುತು ಒಬ್ಬರಿಗೆ ಹತ್ತಬಾರದು.

ನಿಂಗಮ್ಮನಿಗೆ ಐವತ್ತರ ಆಸುಪಾಸು. ಗಟ್ಟಿ ಆಳು. ಬಾಯಲ್ಲಿ ಸದಾ ಎಲೆಅಡಿಕೆ. ಅವಳಿಗಿದ್ದವಳು ಒಬ್ಬಳೇ ಮಗಳು, ಜಯಂತಿ. ಎಸ್ಸೆಸ್ಸೆಲ್ಸಿವರೆಗೆ ಓದಿ, ಚನ್ನರಾಯಪಟ್ಟಣದ ಕಡೆಯ ಒಂದು ಮನೆಗೆ ಮದುವೆಯಾಗಿ ಹೋಗಿದ್ದಳು. ಚೊಚ್ಚಲ ಬಸುರಿ. ಅವಳು ಬರೆಯುತ್ತಿದ್ದ ಇನ್‌ಲ್ಯಾಂಡ್ ಕಾಗದಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆ ಕಡೆಯ ಕಾಗದಗಳಿಗೆ ಒಂದು ಪದ್ಧತಿಯಿತ್ತು. ತಾಯಿಗೆ ಓದಲು ಬಾರದು ಎಂದು ಮಗಳಿಗೆ ಗೊತ್ತಲ್ಲ, ಅದಕ್ಕೆ ಮೊದಲ ಸಾಲಿನಲ್ಲೇ ‘ಓದಿ ಹೇಳುವವರಿಗೆ ನಮಸ್ಕಾರಗಳು’ ಎಂದು ಬರೆಯುತ್ತಿದ್ದರು. ಯಾರದೋ ಮನೆಯ ಕಾಗದದಲ್ಲಿ ನನಗೂ ಒಂದು ನಮಸ್ಕಾರ ಬರುತ್ತದಲ್ಲ ಎಂದು ಹಿಗ್ಗುತ್ತಿದ್ದೆ.

ಅದು ಸಾಕ್ಷರತೆಯ ಭರಾಟೆಯ ಕಾಲ. ಸಂಜೆ ಐದಕ್ಕೆ ಹೊಲದಿಂದ ಬಂದ ಹೆಂಗಸರಿಗೆ ಶಾಲೆಯ ಜಗಲಿಯಲ್ಲಿ ಅಕ್ಷರ ಕಲಿಸಬೇಕಿತ್ತು. ನಿಂಗಮ್ಮ ಹಿಂದಿನ ಸಾಲಿನಲ್ಲಿ ಕಂಬಕ್ಕೊರಗಿ ಕೂರುತ್ತಿದ್ದಳು. ಏನಾದರೂ ಕೇಳಿದರೆ, “ನಂಗೆ ಅತ್ತಲ್ಲ ಕಣವ್ವ. ಬಾಯಿಗೆ ಎಲೆ ಅತ್ತಿದಂಗೆ ಕೈಗೆ ಅಕ್ಸರ ಅತ್ತಲ್ಲ,” ಎಂದು ನಗುತ್ತಿದ್ದಳು. ನಾನೂ ಅಷ್ಟಕ್ಕೆ ಬಿಟ್ಟುಬಿಟ್ಟಿದ್ದೆ.

ತರಗತಿಗಳ ಸಮಾರೋಪ ಅಕ್ಟೋಬರಿನಲ್ಲಿ ಅರಕಲಗೂಡಿನಲ್ಲಿ ಎಂದು ತೀರ್ಮಾನವಾಗಿತ್ತು. ಪ್ರತಿ ಊರೂ ಏನಾದರೊಂದು ಆಡಿ ತೋರಿಸಬೇಕು. ನಾನು ಒಂದು ನಾಟಕ ಬರೆದೆ. ಓದು ಬಾರದ ಹೆಂಡತಿ ಊರಿನಲ್ಲಿರುತ್ತಾಳೆ, ಗಂಡ ದೂರದ ಕೆಲಸಕ್ಕೆ ಹೋಗಿರುತ್ತಾನೆ. ಅವನ ಕಾಗದಗಳನ್ನು ಊರಿನ ಅಂಗಡಿಯವನು ಓದಿ ಹೇಳುತ್ತಾನೆ: ಮಳೆ ನಿಂತಮೇಲೆ ಬರ್ತೀನಿ, ಹಬ್ಬಕ್ಕೆ ಬರ್ತೀನಿ. ಅವಳು ಗಂಡನ ಅಂಗಿ ಒಗೆದು ಒಣಹಾಕಿ ಕಾಯುತ್ತಾಳೆ. ಕೊನೆಯಲ್ಲಿ ಅಂಗಡಿಯವನು ಬಾಯಿಬಿಡುತ್ತಾನೆ. ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದಾನೆ, ಬರುವುದಿಲ್ಲ ಎಂದು ಮೊದಲ ಕಾಗದದಲ್ಲೇ ಬರೆದಿದ್ದ. ಪಾಪ ಎನಿಸಿ ಅಂಗಡಿಯವನು ಸುಳ್ಳು ಓದುತ್ತಿದ್ದ. ಈ ಕೊನೆಯ ಏಟನ್ನು ಬರೆದು ಮುಗಿಸಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಹೆಂಡತಿಯ ಪಾತ್ರಕ್ಕೆ ನಿಂಗಮ್ಮನನ್ನು ಆರಿಸಿದೆ, ಅವಳ ದನಿ ಹಾಗಿತ್ತು. ಪಕ್ಕದ ಮನೆಯ ಗೌರಮ್ಮ ಕಾಡಿಗೆಯ ಮೀಸೆ ಬರೆದುಕೊಂಡು ಅಂಗಡಿಯವನಾದಳು.

ಹಾಡು ಕಲಿಸಲು ರುದ್ರಪಟ್ಟಣದ ಕಡೆಯಿಂದ ರಂಗಯ್ಯ ಮೇಷ್ಟ್ರು ಬಂದರು. ಮೂವತ್ತು ವರ್ಷ ಹಳ್ಳಿಹಳ್ಳಿಗಳಲ್ಲಿ ನಾಟಕ ಕಲಿಸಿದವರು, ಹಾರ್ಮೋನಿಯಂ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಓಡಾಡುವವರು. ಮೊದಲ ತಾಲೀಮಿನಲ್ಲಿ ಅವರು ನಟಿಸುವವರನ್ನು ನೋಡಲೇ ಇಲ್ಲ. ಜಗಲಿಯಂಚಿನಲ್ಲಿ ಎಲೆ ಜಗಿಯುತ್ತ ಕೂತಿದ್ದ ಮುದುಕಿಯರನ್ನೇ ನೋಡುತ್ತಿದ್ದರು. ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

“ಮೇಡಮ್ಮೋರೆ, ಕಾಗದ್ದಾಗೆ ಏನದೆ ಅಂತ ಅಂಗಡಿಯೋನ್ಗೆ ಗೊತ್ತು. ಬರ್ದಿರೋ ನಿಮ್ಗೊತ್ತು. ಸಭೆ ಏನ್ ಪಾಪ ಮಾಡಿತ್ತು?”

“ಕೊನೆಗೆ ಗೊತ್ತಾದಾಗ ಬೆಚ್ಚಿಬೀಳ್ತಾರಲ್ಲ ಮೇಷ್ಟ್ರೆ.”

“ಬೆಚ್ತಾರೆ. ಒಂದ್ ಗಳಿಗೆ. ಕಾಲಡಿ ಇಲಿ ಓಡುದ್ರೂ ಬೆಚ್ತಾರೆ, ಅದುಕ್ಕೆ ನಾಟಕ ಯಾಕೆ? ಮೊದ್ಲೇ ಏಳ್ಬುಡಿ. ಅವ್ಳು ನೀರಿಗೆ ಓಗಿರ್ಲಿ. ಅಂಗಡಿಯೋನು ಕಾಗದ ಒಡ್ದು, ಸಭೆ ಕಡೆ ತಿರುಗಿ ನಿಜ ಓದ್ಲಿ. ಆಮೇಕೆ ಅವ್ಳು ಬಂದು ಅಂಗಿ ಒಗೀಲಿ. ಆಗ ನೋಡಿ. ಬರೀ ಅಂಗಿ ಒಗುದ್ರೂವೆ ಸಭೆ ಕರುಳು ಕಿವುಚ್ಕತದೆ.”

ನನಗೆ ಒಪ್ಪಿಗೆಯಾಗಲಿಲ್ಲ. ನಾಟಕೀಯ ವ್ಯಂಗ್ಯ ಎಂಬುದರ ಮೇಲೆ ಎಂ.ಎ. ಪರೀಕ್ಷೆಯಲ್ಲಿ ಎರಡು ಪುಟ ಟಿಪ್ಪಣಿ ಬರೆದವಳು ನಾನು. ಪಾತ್ರಕ್ಕೆ ತಿಳಿಯದ್ದು ಪ್ರೇಕ್ಷಕರಿಗೆ ತಿಳಿದಿರುವುದರಿಂದ ಹುಟ್ಟುವ ಬಿಗಿ, ಅದು ಇದು ಎಂದು ಒಳ್ಳೆಯ ಅಂಕವೂ ಬಂದಿತ್ತು. ಸೈಕಲ್ಲಿನ ಮೇಲೆ ಬಂದ ಈ ಮನುಷ್ಯ ಅದನ್ನೇ ಹೇಳುತ್ತಿದ್ದಾರೆ ಎಂದು ಮಾತ್ರ ಹೊಳೆಯಲಿಲ್ಲ. ಆದರೂ ಹಿರಿಯರ ಮಾತು ಎಂದು ತಿದ್ದಿ ಬರೆದೆ.

ಮರುವಾರ ಗೌರಮ್ಮ ಜಗಲಿಯ ಕಡೆ ತಿರುಗಿ ನಿಜವಾದ ಕಾಗದ ಓದಿದಳು. ನಿಂಗಮ್ಮ ಕೊಡ ಹೊತ್ತು ಬಂದಳು. ಅಂಗಿಯನ್ನು ಕಲ್ಲಿನ ಮೇಲಿಟ್ಟು ಕಾಲರಿಗೆ ಸೋಪು ಹಚ್ಚಿದಳು. ಅಷ್ಟೇ, ಬಾಯಲ್ಲಿ ಒಂದು ಮಾತೂ ಇಲ್ಲ. ರಂಗಯ್ಯ ಮೇಷ್ಟ್ರು ನನ್ನ ಮೊಣಕೈ ತಿವಿದು ಮುದುಕಿಯರ ಕಡೆ ಕಣ್ಣು ತೋರಿಸಿದರು. ಐದು ಮುದುಕಿಯರ ದವಡೆಯೂ ನಿಂತಿತ್ತು. ಎಲೆಅಡಿಕೆ ಕೆನ್ನೆಯಲ್ಲೇ ಉಳಿದಿತ್ತು. “ದವಡೆ ನಿಂತ್ರೆ ಇಡ್ಕಂಡದೆ ಅಂತ,” ಎಂದರು ಮೆಲ್ಲಗೆ. ಎರಡು ಪುಟದ ಟಿಪ್ಪಣಿಯಲ್ಲಿ ನಾನು ಬರೆದದ್ದು ಏನೆಂದು ನನಗೆ ಆವತ್ತು ತಿಳಿಯಿತು.

ಆಷಾಢದಲ್ಲಿ ಆ ಕಾಗದ ಬಂತು. ಗೆಡ್ಡೆಯ ಗಿಡ ಮೊಣಕಾಲೆತ್ತರ ಬಂದು ಹೂ ಬಿಡುತ್ತಿತ್ತು, ಜಡಿಮಳೆ ಹಿಡಿದಿತ್ತು. ನಿಂಗಮ್ಮ ಹೊಲದಿಂದ ಬಂದು ಕೆಸರುಗಾಲಿನಲ್ಲೇ ಹೊಸ್ತಿಲ ಮೇಲೆ ಕೂತಳು. ನಾನು ಕಾಗದ ಬಿಡಿಸಿದೆ. ನಡುವೆ ಅಡ್ಡಕ್ಕೆ ಒಂದು ಗೆರೆ ಎಳೆದಿತ್ತು. ಗೆರೆಯ ಮೇಲೆ ಹೀಗಿತ್ತು:

‘ಓದಿ ಹೇಳುವವರಿಗೆ ನಮಸ್ಕಾರಗಳು. ಅವ್ವನಿಗೆ ಇದನ್ನು ಓದಬೇಡಿ. ಗೆರೆಯಿಂದ ಕೆಳಗೆ ಮಾತ್ರ ಓದಿ. ಐದನೇ ತಿಂಗಳಿನಲ್ಲಿ ಮಗು ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದು ಎಂಟು ದಿನವಾಯಿತು. ಇಲ್ಲಿ ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಗೊತ್ತಾದರೆ ಅವ್ವ ಗೆಡ್ಡೆ ಬಿಟ್ಟು ಓಡಿ ಬರುತ್ತಾಳೆ, ಅವಳಿಗೆ ಅದೊಂದೇ ಬೆಳೆ. ಗೆಡ್ಡೆ ಕಿತ್ತು ಮುಗಿದ ಮೇಲೆ ನಾನೇ ಬಂದು ಹೇಳುತ್ತೇನೆ. ಬೇರೆಯವರ ಬಾಯಲ್ಲಿ ಅವಳು ಇದನ್ನು ಕೇಳಬಾರದು.’

ನಾನು ಗೆರೆಯ ಕೆಳಗಿನ ನಾಲ್ಕು ಸಾಲು ಓದಿದೆ. ಅವ್ವನಿಗೆ ನಮಸ್ಕಾರ, ನಾನು ಕ್ಷೇಮ, ಮಳೆ ಚೆನ್ನಾಗಿದೆ, ಗೆಡ್ಡೆಗೆ ಔಷಧಿ ಹೊಡೆಸು. ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು.

“ಇಷ್ಟೇಯಾ?” ಎಂದಳು ನಿಂಗಮ್ಮ.

“ಇಷ್ಟೇ.”

“ಬಸ್ರಿ ಇಚಾರ ಏನೂ ಇಲ್ವಾ?”

“ಕ್ಷೇಮ ಅಂದಳಲ್ಲ ನಿಂಗಮ್ಮ, ಅದರಲ್ಲೇ ಎಲ್ಲ ಬಂತು.”

“ಸರಿ ಬುಡಿ,” ಎಂದು ಕಾಗದ ಇಸಿದುಕೊಂಡು, ಉಳಿದ ಕಾಗದಗಳ ಜೊತೆ ಸೂರಿನ ಸಂದಿಗೆ ಸಿಕ್ಕಿಸಿದಳು.

ಅಂಥ ಸುದ್ದಿ ಎಷ್ಟು ದಿನ ನಿಂತೀತು? ಗೌರಮ್ಮನ ತಮ್ಮ ಚನ್ನರಾಯಪಟ್ಟಣದ ಸಂತೆಯಿಂದ ಅದನ್ನು ತಂದ, ಗೆಡ್ಡೆ ಕೀಳುವವರೆಗೆ ಅವ್ವನಿಗೆ ಹೇಳಬೇಡಿ ಎಂಬ ಜಯಂತಿಯ ಮಾತಿನ ಸಮೇತ. ಎಂಟೇ ದಿನಕ್ಕೆ ಗೌರಮ್ಮ ಶಾಲೆಗೇ ಬಂದು, “ನಮ್ಗೂ ಗೊತ್ತಾಯ್ತು ಕಣ್ ಮೇಡಮ್ಮೋರೆ. ಗೆಡ್ಡೆ ಮುಗಿಯೋಗಂಟ ಯಾರೂ ಬಾಯ್ಬುಡಂಗಿಲ್ಲ ಅಂತ ಮಾತಾಡ್ಕಂಡಿದ್ದೀವಿ,” ಎಂದಳು. ಊರಿಗೆ ಊರೇ ಸಭೆಯಾಗಿ ಕೂತಿತು. ನಡುವೆ ನಿಂಗಮ್ಮ ಒಬ್ಬಳು ಓಡಾಡಿಕೊಂಡಿದ್ದಳು.

ಮತ್ತು ಅವಳು ಕುಲಾವಿ ಹೊಲಿಯತೊಡಗಿದಳು. ಹಳೆಯ ರೇಷ್ಮೆ ಸೀರೆಯ ಅಂಚು ಕತ್ತರಿಸಿ ಕೂಸಿಗೆ ಟೋಪಿ. ಮೆತ್ತಗಾದ ನೂಲಿನ ಸೀರೆಗಳನ್ನು ಪದರಪದರವಾಗಿ ಹಾಕಿ ಪುಟ್ಟ ಕೌದಿ. ಮಳೆಯ ಮಧ್ಯಾಹ್ನಗಳಲ್ಲಿ ಹೊಸ್ತಿಲ ಬೆಳಕಿಗೆ ಕೂತು, ಸೂಜಿ ನನ್ನ ಕಡೆ ಚಾಚಿ, “ದಾರ ಪೋಣ್ಸಿ ಕೊಡವ್ವ, ಕಣ್ಣು ಮಂಜು,” ಎನ್ನುತ್ತಿದ್ದಳು. ನಾನು ಪೋಣಿಸಿ ಕೊಡುತ್ತಿದ್ದೆ. ಒಮ್ಮೊಮ್ಮೆ ಮೂರು ಸಲ ಪ್ರಯತ್ನಿಸಿದರೂ ದಾರ ಸೂಜಿಯ ಕಣ್ಣಿಗೆ ಹೋಗುತ್ತಿರಲಿಲ್ಲ. ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬರುತ್ತಿತ್ತು. ಬೇರೆಯವರ ಬಾಯಲ್ಲಿ ಕೇಳಬಾರದು ಎಂಬ ಸಾಲು ಅಡ್ಡ ನಿಲ್ಲುತ್ತಿತ್ತು.

ಆ ನಡುವೆ ಒಂದು ಸಂಜೆ ತರಗತಿಯಲ್ಲಿ ನಿಂಗಮ್ಮ ಸ್ಲೇಟಿನ ಮೇಲೆ ಸೊಟ್ಟಸೊಟ್ಟಗೆ ‘ಸ್ಪ’ ಎಂದು ಬರೆದು, “ಇದೇನವ್ವ, ಕೆಳಕ್ಕೊಂದು ಬಾಲ?” ಎಂದಳು. ‘ಅವ್ವ’, ‘ಅಕ್ಕ’ ಬಿಟ್ಟರೆ ಬೇರೆ ಒತ್ತಕ್ಷರ ನಾವಿನ್ನೂ ಕಲಿಸಿರಲಿಲ್ಲ. ಅವಳು ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ ಎಂದು ಖುಷಿಯಾಗಿ ವಿವರಿಸಿದೆ.

ತಾಲೀಮುಗಳು ಮಾತ್ರ ನರಕವಾದವು. ಗೌರಮ್ಮ ಮೀಸೆ ಬರೆದುಕೊಂಡು ನಿಂಗಮ್ಮನ ಮುಂದೆ ಕೂತು ಸುಳ್ಳು ಕಾಗದ ಓದಬೇಕು. ಎರಡು ಸುಳ್ಳು ಒಂದರ ಮೇಲೊಂದು. ಒಂದು ದಿನ ಅವಳ ಕಣ್ಣೀರಿಗೆ ಮೀಸೆ ಕಲಸಿಹೋಯಿತು. ನಿಂಗಮ್ಮ ಸೆರಗಿನಿಂದ ಅದನ್ನು ಒರೆಸುತ್ತ, “ಮೀಸೆ ಅಳ್ಸೋಯ್ತು ಕಣೆ. ಗಂಡ್ಸಾಗಿ ಅಳ್ತೀಯಲ್ಲ,” ಎಂದು ಛೇಡಿಸಿದಳು. ಹೆಂಗಸರೆಲ್ಲ ನಕ್ಕು ಮುಖ ತಿರುಗಿಸಿಕೊಂಡರು. ರಂಗಯ್ಯ ಮೇಷ್ಟ್ರು ಹಾರ್ಮೋನಿಯಂ ತಿದಿ ಮುಚ್ಚಿ ನಿಂಗಮ್ಮನನ್ನೇ ನೋಡುತ್ತ ಕೂತಿದ್ದರು. ಸೈಕಲ್ ಹತ್ತುವಾಗ ನನಗೆ, “ಸಭೆಲಿ ನಾವು ಎಲ್ ಕೂತಿದ್ದೀವಿ ಅಂತ ಒಂದೊಂದ್ ಸತಿ ನಮ್ಗೇ ತಿಳಿಯಕಿಲ್ಲ ಮೇಡಮ್ಮೋರೆ,” ಎಂದರು. ವಯಸ್ಸಾದವರು ವೇದಾಂತ ಹೇಳುತ್ತಾರೆ ಎಂದುಕೊಂಡೆ.

ಆಗಸ್ಟಿನಲ್ಲಿ ಅಕ್ಕಪಕ್ಕದ ಹೊಲಗಳಿಗೆ ಅಂಗಮಾರಿ ಬಿದ್ದು ಎಲೆ ಸುಟ್ಟಂತಾಯಿತು. ನಿಂಗಮ್ಮ ಬೆಳಗಾಗೆದ್ದು ಔಷಧಿಯ ಕ್ಯಾನು ಹೊತ್ತು ಸಾಲುಸಾಲಾಗಿ ನಡೆದು ತನ್ನ ಗೆಡ್ಡೆ ಉಳಿಸಿಕೊಂಡಳು. ಸೆಪ್ಟೆಂಬರಿನಲ್ಲಿ ಕಿತ್ತು, ಮೂಟೆ ಕಟ್ಟಿ, ಹಾಸನಕ್ಕೆ ಕಳಿಸಿದ್ದಾಯಿತು. ಸಮಾರೋಪ ಒಂದು ಭಾನುವಾರ. ಅದಾದ ಬುಧವಾರ ಬರುತ್ತೇನೆ ಎಂದು ಜಯಂತಿ ಬರೆದಳು. ಇನ್ನು ಕೆಲವೇ ದಿನ ಎಂದು ನಾನು ಎಣಿಸತೊಡಗಿದೆ.

ಅರಕಲಗೂಡಿನ ಶಾಲಾ ಮೈದಾನದಲ್ಲಿ ಮಧ್ಯಾಹ್ನ ಮೂರಕ್ಕೆ ನಮ್ಮ ನಾಟಕ. ಶಾಮಿಯಾನದ ಕೆಳಗೆ ಹತ್ತಾರು ಊರಿನ ಹೆಂಗಸರು, ಎಲ್ಲರ ಕೈಯಲ್ಲೂ ಎಲೆಯ ಚೀಲ. ನಾನು ಪರದೆಯ ಮರೆಯಲ್ಲಿ ನಾಟಕದ ಪುಸ್ತಕ ಹಿಡಿದು ನಿಂತಿದ್ದೆ. ಗೌರಮ್ಮ ಸಭೆಗೆ ನಿಜ ಓದಿದಳು. ನಿಂಗಮ್ಮ ಅಂಗಿ ಒಗೆದಳು, ಝಾಡಿಸಿದಳು, ಹಗ್ಗಕ್ಕೆ ಹಾಕಿ ತೋಳು ನೀವಿದಳು. ನಾನು ಪರದೆ ಸಂದಿಯಿಂದ ನೋಡಿದೆ. ಮೈದಾನದಲ್ಲಿ ಒಂದು ದವಡೆಯೂ ಆಡುತ್ತಿರಲಿಲ್ಲ. ಅಷ್ಟೂ ಜನ ಒಂದು ಒದ್ದೆ ಅಂಗಿಯನ್ನು ನೋಡುತ್ತಿದ್ದರು.

ಕೊನೆಯ ದೃಶ್ಯ. ಹೆಂಡತಿ ಇನ್ನೊಂದು ಸಲ ಓದು ಎನ್ನುತ್ತಾಳೆ, ಅಂಗಡಿಯವನು ನಿಜ ಹೇಳುತ್ತಾನೆ. ಗೌರಮ್ಮ ಬಾಯಿ ತೆರೆದಳು. ತುಟಿ ನಡುಗುತ್ತಿತ್ತು, ಮಾತು ಹೊರಡಲಿಲ್ಲ. ನಾನು ಸಾಲು ಎತ್ತಿಕೊಡಬೇಕು ಅನ್ನುವಷ್ಟರಲ್ಲಿ ನಿಂಗಮ್ಮ ಕೈ ಚಾಚಿದಳು.

“ತತ್ತಾ ಇಲ್ಲಿ.”

ಇದು ಪುಸ್ತಕದಲ್ಲಿರಲಿಲ್ಲ. ಗೌರಮ್ಮ ಕಾಗದ ಕೊಟ್ಟಳು. ಅದು ನನ್ನ ನೋಟ್‌ಬುಕ್ಕಿನಿಂದ ಹರಿದ ಖಾಲಿ ಹಾಳೆ. ನಿಂಗಮ್ಮ ಅದನ್ನು ಮೊಣಕಾಲಿನ ಮೇಲೆ ಹರಡಿ, ತರಗತಿಯಲ್ಲಿ ಮಾಡುವಂತೆ ಬೆರಳಿಟ್ಟು, ಅಕ್ಷರ ಅಕ್ಷರವಾಗಿ ಓದಿದಳು.

“ಓ… ದಿ… ಹೇ… ಳು… ವವರಿಗೆ… ನಮಸ್ಕಾರಗಳು. ಅವ್ವನಿಗೆ… ಇದನ್ನು… ಓದಬೇಡಿ.”

ಆಮೇಲೆ ತಲೆಯೆತ್ತಿ, “ನಾನೇ ಓದ್ಕಂಡೆ ಕಣಪ್ಪ. ನೀನು ಏಳ್ಬೇಡ. ಏಳೋರ್ಗೆ ಬೋ ಕಷ್ಟ,” ಎಂದು ಹಗ್ಗದಿಂದ ಅಂಗಿ ತೆಗೆದು ಮಡಿಸಿದಳು.

ಚಪ್ಪಾಳೆ ನಿಲ್ಲಲಿಲ್ಲ. ಓದು ಬಾರದವಳು ಓದಿಬಿಟ್ಟಳು ಎಂದು ಜನ ಎದ್ದು ನಿಂತರು. ಅಧಿಕಾರಿಗಳು ಮೈಕಿನಲ್ಲಿ ಇದೇ ಸಾಕ್ಷರತೆಯ ಸಂದೇಶ ಎಂದು ನಾಟಕ ಬರೆದ ನನ್ನನ್ನು ಹೊಗಳಿದರು. ಆ ಸಾಲು ಎಲ್ಲಿಯದು ಎಂದು ಅಷ್ಟು ಜನರಲ್ಲಿ ತಿಳಿದಿದ್ದವರು ನಾವಿಬ್ಬರೇ. ಮೂರು ತಿಂಗಳಿಂದ ನಾನು ಸಭೆಯಲ್ಲಿ ಕೂತು ಅವಳನ್ನು ನೋಡುತ್ತಿದ್ದೇನೆ ಎಂದುಕೊಂಡಿದ್ದೆ. ಸಭೆಯಲ್ಲಿ ಕೂತಿದ್ದವಳು ಅವಳು. ಏನೂ ತಿಳಿಯದೆ ರಂಗದ ಮೇಲಿದ್ದವಳು ನಾನು.

ಟೆಂಪೋ ಕಾಯುತ್ತ ಮೈದಾನದ ಅಂಚಿನ ಕಲ್ಲಿನ ಮೇಲೆ ಕೂತಾಗ ಕೇಳಿದೆ. “ಯಾವಾಗ ಗೊತ್ತಾಯ್ತು?”

“ನೀವು ಓದಿದ್ ದಿನ್ವೇ ಅನ್ಮಾನ. ಕಾಗದ ಉದ್ದಕ್ಕಿತ್ತು, ನೀವು ಓದಿದ್ದು ಗಿಡ್ಡಕ್ಕಿತ್ತು. ಗೆರೆ ಮ್ಯಾಲೆ ನಿಮ್ ಕಣ್ಣು ಓಡಾಡ್ತು, ಬಾಯಿ ಆಡ್ನಿಲ್ಲ.” ಎಲೆಗೆ ಸುಣ್ಣ ಹಚ್ಚುತ್ತ ಅವಳು ಸಾವಧಾನವಾಗಿ ಹೇಳಿದಳು. “ಮಾರ್ನೆ ದಿನ ಸೊಂಟಕ್ಕೆ ಸಿಗುಸ್ಕಂಡು ಒಲಕ್ಕೋದೆ. ಬುತ್ತಿ ಉಣ್ಣೋ ಒತ್ನಲ್ಲಿ ದಿನಾ ಒಂದೀಟು. ಅದಿನೈದು ದಿನ ಇಡೀತು. ಆಸ್ಪತ್ರೆ ಅನ್ನೋದೇ ಒಡೀನಿಲ್ಲ, ಆ ಬಾಲ ಇತ್ತಲ್ಲ, ನಿಮ್ಮನ್ನೇ ಕೇಳುದ್ನಲ್ಲ.”

ಒಬ್ಬ ತಾಯಿ ಮೊಮ್ಮಗುವಿನ ಸಾವನ್ನು ಹದಿನೈದು ದಿನ ಅಕ್ಷರ ಅಕ್ಷರವಾಗಿ ಬಿಡಿಸಿ ಓದಿದ್ದಳು. ಒಂದು ಅಕ್ಷರವನ್ನು ನಾನೇ ಖುಷಿಯಿಂದ ಕಲಿಸಿಕೊಟ್ಟಿದ್ದೆ.

“ಮತ್ತೆ ಕುಲಾವಿ ಹೊಲೀತಾನೇ ಇದ್ರಲ್ಲ ನಿಂಗಮ್ಮ?”

“ನಿಲ್ಸಿದ್ರೆ ನಿಮ್ಗೆ ಗೊತ್ತಾಗೋದು. ನೀವು ಅವ್ಳಿಗೆ ಬರೀತಿದ್ರಿ. ತಾನೇ ಬಂದು ಏಳ್ತೀನಿ ಅಂದವ್ಳೆ, ಏಳ್ಳಿ ಮಗ. ಅದೂ ಅಲ್ದೆ ಕೈಗೆ ಏನಾರ ಕೆಲ್ಸ ಬೇಕಿತ್ತು ಕಣವ್ವ.” ಎಲೆ ಮಡಿಚಿ ಬಾಯಿಗಿಟ್ಟುಕೊಂಡಳು. “ಇವತ್ತು ಗೌರಿ ಬಾಯಿ ನಡುಗ್ತಿತ್ತು. ಪರದೆ ಸಂದಿಲಿ ನಿಮ್ ಮೊಕವೂ ಕಾಣ್ತು. ಮೂರು ತಿಂಗ್ಳಿಂದ ಒತ್ಕಂಡಿದ್ರಿ. ಇಳ್ಸಾನ ಅನ್ನುಸ್ತು.”

ನಾನು ಅತ್ತೆ. ಅವಳು ಅಳಲಿಲ್ಲ. ನನ್ನ ಬೆನ್ನು ಸವರುತ್ತ, “ನಂಗೆ ಗೊತ್ತಿತ್ತು ಅಂತ ಜಯಂತಿಗೆ ಏಳ್ಬೇಡಿ, ಯಾವತ್ತೂವೆ,” ಎಂದಳು. ಮಂಗಳವಾರ ಸಂಜೆ ಕುಲಾವಿಯನ್ನೂ ಕೌದಿಯನ್ನೂ ತಂದು ನನ್ನ ಟ್ರಂಕಿನೊಳಗಿಟ್ಟಳು.

ಬುಧವಾರ ಹನ್ನೊಂದರ ಬಸ್ಸಿಗೆ ಜಯಂತಿ ಬಂದಳು. ತಾಯಿ ಮಗಳು ಜಗಲಿಯ ಮೇಲೆ ಕೂತರು. ನಾನು ಕಿಟಕಿಯೊಳಗೆ ನೋಟ್‌ಬುಕ್ಕು ತಿದ್ದುವ ನೆಪದಲ್ಲಿದ್ದೆ. ಜಯಂತಿ ತೆಂಗಿನಕಾಯಿಯ ಮಾತೆತ್ತಿದಳು, ಬಸ್ಸಿನ ಮಾತೆತ್ತಿದಳು. ನಿಂಗಮ್ಮ ಅವಸರ ಮಾಡಲಿಲ್ಲ. ಎಲೆ ಜಗಿಯುತ್ತ ಒಂದೊಂದಕ್ಕೂ ಹೂಂಗುಟ್ಟಿದಳು, ನೀರು ಕೊಟ್ಟಳು, ಗೆಡ್ಡೆ ಎಷ್ಟು ಮೂಟೆ ಬಂತೆಂದು ಹೇಳಿದಳು. ಅವಳಿಗೆ ಗೊತ್ತು ಎಂದು ನನಗೆ ಗೊತ್ತಿತ್ತು. ಜಯಂತಿಗೆ ಗೊತ್ತಿರಲಿಲ್ಲ. ಕೆಂಪು ಶಾಯಿಯ ಪೆನ್ನು ನನ್ನ ಬೆರಳಲ್ಲಿ ಹಾಗೇ ನಿಂತಿತ್ತು. ಕಡೆಗೆ ಜಯಂತಿ ಸೆರಗು ತಿರುಚುತ್ತ, “ಅವ್ವ, ಮಗು ಉಳೀಲಿಲ್ಲ,” ಎಂದಳು.

ನಿಂಗಮ್ಮನ ದವಡೆ ನಿಂತಿತು.

“ಯಾವಾಗ್ ಮಗ?” ಎಂದಳು. ಅದು ನಟನೆ ಎಂದುಕೊಂಡು ನೋಡುತ್ತಿದ್ದೆ. ಆಮೇಲೆ ಅವಳು ಅತ್ತ ರೀತಿಗೆ ನಟನೆಯಲ್ಲ ಎಂದು ತಿಳಿಯಿತು. ಓದಿ ತಿಳಿದದ್ದೇ ಬೇರೆ, ಮಗಳ ಬಾಯಲ್ಲಿ ಕೇಳಿದ್ದೇ ಬೇರೆ. ಮೂರು ತಿಂಗಳು ತಡೆದಿಟ್ಟ ಅಳುವನ್ನು ಅವಳು ಹೊಸದಾಗಿ, ಮಗಳ ಜೊತೆಯಲ್ಲೇ ಅತ್ತಳು. ನಾಟಕದ ಬಗ್ಗೆ ಆಮೇಲೆ ಎಷ್ಟೋ ಓದಿದ್ದೇನೆ, ಪಾಠ ಮಾಡಿದ್ದೇನೆ. ಆ ಜಗಲಿಯ ಎತ್ತರಕ್ಕೆ ಯಾವುದೂ ಬರಲಿಲ್ಲ.

ಎರಡು ವರ್ಷದ ಮೇಲೆ ಜಯಂತಿಗೆ ಹೆಣ್ಣು ಮಗುವಾಯಿತು. ಆಗ ನಾನು ಆ ಊರಿನಿಂದ ವರ್ಗವಾಗಿ ಬಂದಿದ್ದೆ. ಕುಲಾವಿಯನ್ನೂ ಕೌದಿಯನ್ನೂ ನಿಂಗಮ್ಮನಿಗೆ ಮುಟ್ಟಿಸಿದೆ. ಅವಳು ಹೊಸದಾಗಿ ಹೊಲಿದದ್ದೆಂದು ಮಗಳಿಗೆ ಕೊಟ್ಟಳಂತೆ. ರಂಗಯ್ಯ ಮೇಷ್ಟ್ರು ಈಗಿಲ್ಲ. ನಿಂಗಮ್ಮ ಹೋಗಿಯೂ ಎರಡು ವರ್ಷವಾಯಿತು.

ಮೊನ್ನೆ ಸ್ಪರ್ಧೆ ಮುಗಿಸಿ ಬಂದ ಸಂಜೆ ಜಯಂತಿಗೆ ಫೋನು ಮಾಡಿದೆ. ಗೆಡ್ಡೆಯ ವಾಸನೆಗೆ ನಿಮ್ಮವ್ವ ನೆನಪಾದರು ಎಂದೆ. ಅವಳು, “ಆವತ್ತು ಜಗಲಿ ಮೇಲೆ ಕೂತ್ಕೊಂಡು ನಾನೇ ಹೇಳಿದ್ದು ಒಳ್ಳೇದಾಯ್ತು ಅಲ್ವಾ ಮೇಡಂ? ಮೊದಲೇ ಇನ್ಯಾರ ಬಾಯಲ್ಲೋ ಗೊತ್ತಾಗಿದ್ರೆ ಅವ್ವ ತಡ್ಕೋತಿರ್ಲಿಲ್ಲ,” ಎಂದಳು.

“ಹೌದು ಕಣಮ್ಮ,” ಎಂದೆ.